ಪರವೂರಿನಿಂದ ಬಂದವರ ಕಣ್ಣಿಗೆ ನಮ್ಮ ನಾಡಿನ ಕ್ರೀಡಾಳುಗಳು

ಕೊಲ್ಲಿ ರಾಷ್ಟ್ರಗಳಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದ ನಾವು ಕೆಲವರು ಮಳೆಗಾಲದ ಒಂದು ದಿನ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿದ್ದೆವು. ನಮ್ಮ ಪರಿಚಯದ ಶಿಕ್ಷಕರೊಬ್ಬರು ಆ ಕಡೆ ಕೆಲಸಕ್ಕಿದ್ದಾರೆ. "ಇಷ್ಟು ದೂರ ಬಂದಿದ್ದೀರಿ, ಇಲ್ಲಿನ ಮಕ್ಕಳ ಆಟೋಟವನ್ನೂ ಒಮ್ಮೆ ನೋಡಿಕೊಂಡು ಹೋಗಿ" ಎಂದು ಅವರು ತಾಂಬಾ ಗ್ರಾಮದ ಹತ್ತಿರ ನಡೆಯುತ್ತಿದ್ದ ಶಾಲಾ ಮಕ್ಕಳ ಕ್ರೀಡಾಕೂಟಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ಕರಾವಳಿಯಲ್ಲಿ ಅಂದು ಜಡಿಮಳೆ ಎಂದು ಮನೆಯಿಂದ ಫೋನು ಬಂದಿತ್ತು. ಅಲ್ಲಿ ಮಾತ್ರ ಮೋಡ ಇದ್ದರೂ ಹನಿ ಇರಲಿಲ್ಲ. ಸುತ್ತ ಕಪ್ಪು ಎರೆ ಭೂಮಿ, ಅದರಲ್ಲಿ ತೊಗರಿ, ಅಲ್ಲಲ್ಲಿ ಲಿಂಬೆ ತೋಟ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಳೆದ ಗೆರೆಗಳು, ಒಂದು ಶಾಮಿಯಾನ, ಒಂದು ಮೈಕು.

ಹುಡುಗಿಯರ 800 ಮೀಟರ್ ಓಟ ನಡೆಯಿತು. ಗೆದ್ದ ಹುಡುಗಿಯ ಕಾಲಿನಲ್ಲಿ ಬೂಟು ಇರಲಿಲ್ಲ. ಎರಡನೆಯವಳಿಗಿಂತ ಬಹಳ ಮುಂದಿದ್ದಳು. ಓಟ ಮುಗಿಸಿ ಅವಳು ಕುಸಿಯಲಿಲ್ಲ, ಸುಮ್ಮನೆ ನಡೆದುಹೋಗಿ ತನ್ನ ಶಾಲೆಯ ಮಕ್ಕಳ ನಡುವೆ ಕುಳಿತಳು. ನಮ್ಮಲ್ಲೊಬ್ಬರ ಕಣ್ಣಲ್ಲಿ ನೀರು ಬಂತು. ಅವರು ಕೂಡಲೇ ಪರ್ಸಿಗೆ ಕೈಹಾಕಿ, ಆ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಬಳಿ ಹೋಗಿ, ಈ ಮಗುವಿಗೆ ಒಳ್ಳೆಯ ಬೂಟು ಕೊಡಿಸುತ್ತೇವೆ ಎಂದರು. ಆ ಶಿಕ್ಷಕರು ಕೈಮುಗಿದು ಹೇಳಿದ ಮಾತು ಇದು:

"ಬೂಟು ಈಗ ಬ್ಯಾಡ್ರೀ ಸರ. ರೂಢಿ ಇಲ್ಲದ ಕಾಲಿಗೆ ನಾಳೆ ಬೂಟು ಹಾಕಿ ಓಡಿಸಿದ್ರ ಹಿಮ್ಮಡ ಸುಲಿದು ಕುಂತ ಬಿಡ್ತಾಳ. ತಾಲೂಕಿಗೆ ಹೋಗೂ ದಿನ ಆಕಿ ಜೋಡಿ ಒಬ್ಬ ಹೆಣ್ಮಗಳು ಬೇಕ್ರಿ. ಬಸ್ಸೇನೋ ಹೆಣ್ಮಕ್ಕಳಿಗೆ ಫ್ರೀ ಐತಿ. ಆದ್ರ ಆಕಿ ಅವ್ವ ಒಂದ ದಿನದ ಕೂಲಿ ಬಿಟ್ಟು ಬರಾಕ ಆಗೂದಿಲ್ಲ. ಅದನ್ನ ಯಾರರ ನೋಡಿದ್ರ ಬಾಳ ಚಲೋ ಆಗ್ತೈತಿ."

ಪ್ರಿಯ ಓದುಗರೇ, ಈ ಮಾತು ಕೇಳಿ ನಾವೆಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಪರದೇಶದಲ್ಲಿ ದುಡಿದ ನಮ್ಮ ಕಣ್ಣಿಗೆ ಬರಿಗಾಲು ಕಂಡಿತ್ತು. ತಾಯಿಯ ಒಂದು ದಿನದ ಕೂಲಿ ಕಂಡಿರಲಿಲ್ಲ. ಹೊರಗಿನಿಂದ ಬಂದವರು ನಮ್ಮ ಕ್ರೀಡಾಳುಗಳನ್ನು ನೋಡುವಾಗ ಎಲ್ಲಿ ಎಡವುತ್ತೇವೆ, ಸರಿಯಾಗಿ ನೋಡಿದರೆ ಏನು ಕಾಣುತ್ತದೆ ಮತ್ತು ಅದರಿಂದ ನಮ್ಮ ಚರ್ಚು, ಶಾಲೆ, ಯುವ ಸಂಘಟನೆಗಳು ಏನು ಕಲಿಯಬಹುದು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಕನಿಕರ ಮತ್ತು ಬೆರಗು

ಪರವೂರಿನಲ್ಲಿದ್ದವರಿಗೆ ಕ್ರೀಡೆ ಎಂದರೆ ಒಂದು ಬಗೆಯ ಚಿತ್ರ ಮನಸ್ಸಿನಲ್ಲಿ ಕುಳಿತಿರುತ್ತದೆ. 2019ರಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದದ್ದು ಕತಾರಿನ ದೋಹಾದಲ್ಲಿ. ಹೊರಗೆ ಮರಳುಗಾಡಿನ ಸೆಕೆ, ಒಳಗೆ ಖಲೀಫಾ ಕ್ರೀಡಾಂಗಣಕ್ಕೆ ತಂಪು ಗಾಳಿ ಬಿಡುವ ವ್ಯವಸ್ಥೆ. ಅಲ್ಲಿ ಭಾರತದ 4x400 ಮೀಟರ್ ಮಿಶ್ರ ರಿಲೇ ತಂಡ ಫೈನಲ್ ತಲುಪಿದಾಗ ಕೊಲ್ಲಿಯ ನಮ್ಮವರು ಹಿಗ್ಗಿದ್ದುಂಟು. ಅಂಥದ್ದನ್ನು ಕಂಡ ಕಣ್ಣು ಎರೆಮಣ್ಣಿನ ಮೈದಾನವನ್ನು ನೋಡಿದರೆ ಮೊದಲು ಬರುವುದು ಕನಿಕರ. "ಪಾಪ, ಏನೂ ಇಲ್ಲ" ಎನ್ನುತ್ತೇವೆ. ಕನಿಕರ ಕೆಟ್ಟದ್ದಲ್ಲ. ಆದರೆ ಅದು ಏನು ಇಲ್ಲ ಎಂಬುದನ್ನು ಲೆಕ್ಕ ಹಾಕುತ್ತದೆಯೇ ಹೊರತು ಏನು ಇದೆ ಎಂದು ಕೇಳುವುದಿಲ್ಲ.

ಎರಡನೆಯದು ಬೆರಗು. ಇದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟರ ವಿಶ್ವದಾಖಲೆ 9.58. ಸುದ್ದಿ ಲೋಕವೆಲ್ಲ ಸುತ್ತಿತು. ಪರವೂರಿನಲ್ಲಿದ್ದ ನಮ್ಮವರೂ ಅದನ್ನು ಹೆಮ್ಮೆಯಿಂದ ಹಂಚಿದರು. ಕೇಂದ್ರ ಕ್ರೀಡಾ ಸಚಿವರಿಂದ ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟಕ್ಕೆ ಕರೆ ಬಂತು. ಶ್ರೀನಿವಾಸ ಗೌಡರು ನಯವಾಗಿಯೇ ಒಲ್ಲೆ ಎಂದರು. ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಕೆಸರಿನಲ್ಲಿ ಓಡುವವನನ್ನು ಕೋಣಗಳ ವೇಗ ಎಳೆದುಕೊಂಡು ಹೋಗುತ್ತದೆ. ಆ ವೇಗಕ್ಕೆ ಹೆಜ್ಜೆ ಹೊಂದಿಸಿ, ಬೀಳದೆ, ಕೋಣಗಳನ್ನು ನೇರ ಓಡಿಸುವುದೇ ಅಲ್ಲಿನ ಕೌಶಲ್ಯ. ಅದು ವರ್ಷಗಟ್ಟಲೆ ಕಲಿತು ಬರುವಂಥದ್ದು. ಹೊರಗಿನವರ ಬೆರಗಿಗೆ ಗಡಿಯಾರದ ಅಂಕಿ ಮಾತ್ರ ಕಂಡಿತು. ಓಡಿದವನಿಗೆ ತಾನು ಏನು, ಏನಲ್ಲ ಎಂಬ ಅರಿವು ಚೆನ್ನಾಗಿಯೇ ಇತ್ತು.

"ರಕ್ತದಲ್ಲೇ ಇದೆ" ಎಂಬ ಮಾತು

ಬೆರಗು ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ "ಇವರ ರಕ್ತದಲ್ಲೇ ಇದೆ" ಎಂಬ ತೀರ್ಮಾನ ಬರುತ್ತದೆ. ಅದರಿಂದ ಆದ ನಷ್ಟವನ್ನು ಕಾರವಾರ ಧರ್ಮಪ್ರಾಂತ್ಯದ ಓದುಗರು ಹತ್ತಿರದಿಂದ ಬಲ್ಲರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಕ್ರೈಸ್ತರೂ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. 1987ರಲ್ಲಿ, ನಮ್ಮ ಮಂಗಳೂರಿನವರೇ ಆದ ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಆಫ್ರಿಕಾ ಮೂಲದವರಾದ್ದರಿಂದ ಒಲಿಂಪಿಕ್ಸಿನಲ್ಲಿ ಪದಕ ತಂದೇ ತರುತ್ತಾರೆ ಎಂಬ ನಿರೀಕ್ಷೆ ಇದರ ಹಿಂದೆ ಇತ್ತು.

ಆ ಮಕ್ಕಳಲ್ಲಿ ಕೆಲವರು ನಿಜಕ್ಕೂ ಚೆನ್ನಾಗಿ ಮುಂದೆ ಬಂದರು. ಆದರೆ 1993ರಲ್ಲಿ ಯೋಜನೆ ನಿಂತುಹೋಯಿತು. ಹಲವರು ಓದು, ತರಬೇತಿ ಎರಡೂ ಅರ್ಧಕ್ಕೆ ನಿಂತು ಊರಿಗೆ ಮರಳಿ ಕೂಲಿ, ಬೇಸಾಯ ಹಿಡಿದರು. ಆರು ವರ್ಷ ಎಂದರೆ ಒಬ್ಬ ಹನ್ನೆರಡರ ಮಗು ಹದಿನೆಂಟಕ್ಕೆ ಬರುವಷ್ಟು ಕಾಲ. ಕ್ರೀಡಾಳು ಹಣ್ಣಾಗುವುದೇ ಆಮೇಲೆ. ರಕ್ತದಲ್ಲೇ ಇದೆ ಎಂದುಕೊಂಡವರಿಗೆ ಫಲ ಬೇಗ ಬರಬೇಕು ಎನಿಸುತ್ತದೆ, ತಡವಾದರೆ ಬೇಸರ ಬರುತ್ತದೆ. ಆ ಮಕ್ಕಳು ಸೋತರು ಎನ್ನುವುದಕ್ಕಿಂತ ಅವರನ್ನು ಸಾಕಷ್ಟು ಕಾಲ ಹಿಡಿದು ನಿಲ್ಲಿಸುವವರು ಇರಲಿಲ್ಲ ಎನ್ನುವುದು ಸರಿ.

ಪದಕದ ಹಿಂದಿನ ಮೆಟ್ಟಿಲುಗಳು

ಹಾಗಾದರೆ ತಾಂಬಾದಂಥ ಊರಿನ ಮಗು ರಾಜ್ಯಮಟ್ಟದ ಕ್ರೀಡಾಳು ಆಗುವುದು ಹೇಗೆ? ಶಾಲಾ ಕ್ರೀಡಾಕೂಟಕ್ಕೆ ಮೆಟ್ಟಿಲುಗಳಿವೆ. ಮೊದಲು ವಲಯ, ಆಮೇಲೆ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಕೊನೆಗೆ ರಾಷ್ಟ್ರ. ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದೆ. ಉತ್ತರ ಕನ್ನಡವೂ ಅದೇ ವಿಭಾಗದಲ್ಲಿದೆ. ಆದ್ದರಿಂದ ಕಾರವಾರದ ಹುಡುಗಿ ಮತ್ತು ಇಂಡಿಯ ಹುಡುಗಿ ಮುಖಾಮುಖಿಯಾಗುವುದು ವಿಭಾಗ ಮಟ್ಟದಲ್ಲಿ. ದಕ್ಷಿಣ ಕನ್ನಡ, ಉಡುಪಿಯವರು ಮೈಸೂರು ವಿಭಾಗದಿಂದ ಹೋಗುವವರಾದ್ದರಿಂದ ಅವರನ್ನು ಕಾಣಬೇಕಾದರೆ ರಾಜ್ಯಮಟ್ಟಕ್ಕೇ ಬರಬೇಕು.

ಒಂದೊಂದು ಮೆಟ್ಟಿಲಿಗೂ ಖರ್ಚು ಇದೆ. ಬಸ್ಸು, ಊಟ, ರಾತ್ರಿ ಉಳಿಯುವ ಜಾಗ, ಜೊತೆಗೆ ಬರುವ ಶಿಕ್ಷಕರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಚಾರ್ಜಿನ ಚಿಂತೆ ಬಹಳ ಕಡಿಮೆಯಾಗಿದೆ. ಹುಡುಗರಿಗೆ ಆ ಚಿಂತೆ ಉಳಿದಿದೆ. ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ಕೈಯಿಂದ ಹಾಕುವ ದುಡ್ಡು ಯಾವ ಲೆಕ್ಕದ ಪುಸ್ತಕದಲ್ಲೂ ಸಿಗುವುದಿಲ್ಲ. ಮೆಟ್ಟಿಲು ಏರಿದಂತೆ ನೆಲವೂ ಬದಲಾಗುತ್ತದೆ. ಊರಿನಲ್ಲಿ ಮಣ್ಣು, ಮೇಲಿನ ಹಂತದಲ್ಲಿ ಸಿಂಥೆಟಿಕ್ ಟ್ರ್ಯಾಕ್. ಮಣ್ಣಿನಲ್ಲಿ ಬರಿಗಾಲಲ್ಲಿ ಗೆದ್ದ ಮಗು ರಬ್ಬರಿನಂಥ ಆ ಟ್ರ್ಯಾಕಿನ ಮೇಲೆ ಮೊದಲ ಬಾರಿ ಬರಿಗಾಲಲ್ಲಿ ಓಡಿದರೆ ಅಂಗಾಲು ಬೊಬ್ಬೆ ಏಳುತ್ತದೆ. ಹೊಸ ಸ್ಪೈಕ್ಸ್ ಹಾಕಿಕೊಂಡರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಬೂಟು ಬೇಕು, ನಿಜ. ಆದರೆ ಅದಕ್ಕೆ ಮೊದಲು ತಿಂಗಳುಗಳ ರೂಢಿ ಬೇಕು, ಆ ರೂಢಿ ಮಾಡಿಸುವವರು ಬೇಕು, ವರ್ಷದೊಳಗೆ ಕಾಲು ಬೆಳೆದಾಗ ಇನ್ನೊಂದು ಜೋಡಿ ಬೇಕು.

ಊಟದ ಮಾತು. ಜೋಳದ ರೊಟ್ಟಿ, ಬೇಳೆ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಇವು ಓಡುವವರಿಗೆ ಒಳ್ಳೆಯ ಆಹಾರವೇ. ಕೊರತೆ ಇರುವುದು ಪ್ರಮಾಣದಲ್ಲಿ. ಬೆಳೆಯುವ ಮಗು ಕಠಿಣ ಅಭ್ಯಾಸ ಮಾಡಿದರೆ ಹಸಿವು ಹೆಚ್ಚುತ್ತದೆ, ಮನೆಯಲ್ಲಿ ರೊಟ್ಟಿ ಲೆಕ್ಕದ್ದೇ ಇರುತ್ತದೆ. 2021ರ ಡಿಸೆಂಬರಿನಲ್ಲಿ ಸರಕಾರವು ಶಾಲಾ ಬಿಸಿಯೂಟದ ಜೊತೆ ಮೊಟ್ಟೆ, ಬೇಡ ಎನ್ನುವವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದ್ದು ವಿಜಯಪುರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಮುಂದಿನ ವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಆ ಒಂದು ಮೊಟ್ಟೆಯ ಬೆಲೆ ದೈಹಿಕ ಶಿಕ್ಷಣ ಶಿಕ್ಷಕರಿಗೆ ಗೊತ್ತು.

ಸೈಕಲ್ಲಿನ ನಾಡು

ವಿಜಯಪುರ, ಬಾಗಲಕೋಟೆ ಭಾಗದ ಹೆಸರು ದೇಶದಲ್ಲಿ ಕೇಳಿಬರುವುದು ಸೈಕ್ಲಿಂಗಿನಲ್ಲಿ. ಮೇಘಾ ಗುಗಾಡ್, ಶ್ರೀಧರ ಸವಣೂರರಂಥ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಈ ಭಾಗದಿಂದ ಬಂದವರು. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ವಿಜಯಪುರದಲ್ಲೇ ನಡೆಯಿತು. ಹೊರಗಿನಿಂದ ನೋಡುವವರು ಇಲ್ಲಿಯೂ "ಈ ನೆಲದ ಗುಣ" ಎಂದುಬಿಡುತ್ತಾರೆ. ನೆಲದ ಗುಣ ಸ್ವಲ್ಪ ಇದ್ದೇ ಇದೆ. ರಸ್ತೆಗಳು ಬಯಲಿನಲ್ಲಿ ನೇರವಾಗಿ ಹೋಗುತ್ತವೆ. ಬೆಳಗಿನ ಜಾವ ವಾಹನ ಕಡಿಮೆ. ಎದುರುಗಾಳಿ ಜೋರು, ಅದರಲ್ಲಿ ತುಳಿದು ತುಳಿದು ಕಾಲು ಗಟ್ಟಿಯಾಗುತ್ತದೆ.

ಆದರೆ ಅಂಥ ಬಯಲು ಸೀಮೆ ದೇಶದಲ್ಲಿ ಬೇರೆಡೆಯೂ ಇದೆ. ಇಲ್ಲಿ ಇರುವ ವಿಶೇಷವೆಂದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗಿಗೆ ಜಾಗವಿರುವುದು. ಹಳ್ಳಿ ಶಾಲೆಯ ಮಕ್ಕಳ ಎತ್ತರ, ತೂಕ, ಓಟ, ಜಿಗಿತ ನೋಡಿ ಆರಿಸುತ್ತಾರೆ. ಆಯ್ಕೆಯಾದವರಿಗೆ ಊಟ, ವಸತಿ, ಶಾಲೆ, ತರಬೇತಿ ಸಿಗುತ್ತದೆ. ಅಲ್ಲಿ ಬೆಳೆದು ಕೆಲಸ ಹಿಡಿದ ಹಿರಿಯರು ಕಿರಿಯರಿಗೆ ದಾರಿ ತೋರುತ್ತಾರೆ. ಒಬ್ಬ ಅಣ್ಣ ಕ್ರೀಡಾ ಕೋಟಾದಲ್ಲಿ ನೌಕರಿ ಪಡೆದ ಎಂದರೆ ಹತ್ತು ಮನೆಯವರು ಮಗನನ್ನೋ ಮಗಳನ್ನೋ ಸೈಕಲ್ ಹತ್ತಿಸುತ್ತಾರೆ.

ಸೈಕ್ಲಿಂಗ್ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ರಸ್ತೆ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮುಂದಿನವನ ಬೆನ್ನಿಗೇ ಅಂಟಿಕೊಂಡು ಹೋದರೆ ಗಾಳಿ ತಪ್ಪಿ, ಹಿಂದಿನವನಿಗೆ ತುಳಿಯುವ ಶ್ರಮ ಕಾಲು ಭಾಗದಷ್ಟಾದರೂ ಉಳಿಯುತ್ತದೆ. ಹಾಗಾಗಿ ತಂಡದವರು ಸರದಿ ಪ್ರಕಾರ ಗಾಳಿಗೆ ಎದೆಯೊಡ್ಡುತ್ತಾರೆ. ಟೈಮ್ ಟ್ರಯಲ್ಲಿನಲ್ಲಿ ಒಬ್ಬೊಬ್ಬರನ್ನೇ ಅಂತರ ಕೊಟ್ಟು ಬಿಡುತ್ತಾರೆ. ಅಲ್ಲಿ ಯಾರ ಮರೆಯೂ ಇಲ್ಲ, ಗಡಿಯಾರವೇ ಎದುರಾಳಿ. ಅಂತಾರಾಷ್ಟ್ರೀಯ ನಿಯಮದಂತೆ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು. ಅಷ್ಟು ಹಗುರದ ಕಾರ್ಬನ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ. ಟಯರು, ಚೈನು, ಬ್ರೇಕು ಸವೆಯುತ್ತಲೇ ಇರುತ್ತವೆ. ಇಳಿಜಾರಾದ ವರ್ತುಲ ಟ್ರ್ಯಾಕ್, ಅಂದರೆ ವೆಲೊಡ್ರೋಮ್‌ಗಾಗಿ ವಿಜಯಪುರದ ಸೈಕಲ್ ಪಟುಗಳು ವರ್ಷಗಟ್ಟಲೆ ಕಾದರು. ಕಾಯುತ್ತಿದ್ದ ವರ್ಷಗಳಲ್ಲೂ ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ತುಳಿಯುವುದನ್ನು ಬಿಡಲಿಲ್ಲ. ಕನಿಕರದ ಕಣ್ಣಿಗೆ ಇಲ್ಲದ ವೆಲೊಡ್ರೋಮ್ ಕಂಡೀತು, ಬೆರಗಿನ ಕಣ್ಣಿಗೆ ಪದಕ ಕಂಡೀತು. ನಡುವೆ ಇದ್ದ ಹಾಸ್ಟೆಲಿನ ಬೆಳಗಿನ ಗಂಟೆಗಳು ಎರಡಕ್ಕೂ ಕಾಣುವುದಿಲ್ಲ.

ಹೊರಗಿನಿಂದ ಬಂದು ಸರಿಯಾಗಿ ನೋಡಿದ ಒಬ್ಬರು

ಹಾಗಾದರೆ ಪರಕೀಯರು ಸ್ಥಳೀಯ ಕ್ರೀಡಾಳುಗಳನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವೇ ಇಲ್ಲವೇ? ಇದೆ. ಅದಕ್ಕೆ ಕೆನ್ಯಾದ ಇಟೆನ್ ಎಂಬ ಸಣ್ಣ ಪಟ್ಟಣವನ್ನು ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಊರು. 1976ರಲ್ಲಿ ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಗೆ ಐರ್ಲೆಂಡಿನಿಂದ ಪ್ಯಾಟ್ರಿಷಿಯನ್ ಸಭೆಯ ಬ್ರದರ್ ಕೋಲ್ಮ್ ಓ'ಕಾನಲ್ ಭೂಗೋಳದ ಶಿಕ್ಷಕರಾಗಿ ಬಂದರು. ಸ್ವಲ್ಪ ಕಾಲಕ್ಕೆಂದು ಬಂದವರು. ಅಥ್ಲೆಟಿಕ್ಸ್ ತರಬೇತಿಯ ಯಾವ ಪದವಿಯೂ ಅವರಿಗಿರಲಿಲ್ಲ. ಶಾಲೆಯ ಓಟಗಾರರಿಗೆ ನೆರವಾಗಲು ಹೋಗಿ, ಮಕ್ಕಳು ಓಡುವುದನ್ನು ನೋಡುತ್ತ ನೋಡುತ್ತಲೇ ಕಲಿತರು. ವರ್ಷಗಳು ದಶಕಗಳಾದವು, ಅವರು ಅಲ್ಲೇ ಉಳಿದರು.

ಅವರ ಶಾಲೆಯಲ್ಲಿ ಓದಿದ ಪೀಟರ್ ರೋನೊ 1988ರ ಸೋಲ್ ಒಲಿಂಪಿಕ್ಸಿನಲ್ಲಿ 1500 ಮೀಟರ್ ಚಿನ್ನ ಗೆದ್ದರು. ಅವರ ಬಳಿ ತರಬೇತಿ ಪಡೆದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ಕೆನ್ಯಾದವರ ಓಟ ರಕ್ತದಲ್ಲೇ ಇದೆ ಎಂದು ಲೋಕ ಹೇಳುತ್ತಿದ್ದಾಗ, ಈ ಬ್ರದರ್ ದಿನವೂ ಮೈದಾನಕ್ಕೆ ಹೋಗಿ ಒಂದೊಂದು ಮಗುವಿನ ಹೆಜ್ಜೆ ನೋಡುತ್ತಿದ್ದರು. ಅವರು ಗಮನವನ್ನೂ ಕಾಲವನ್ನೂ ಕೊಟ್ಟರು. ಸಿದ್ದಿ ಮಕ್ಕಳಿಗೆ ಸಿಗದೆ ಹೋದದ್ದು ಇದೇ.

ಕಾರು ಬೇಡ, ಮನೆ ಬೇಕು

ತಾಂಬಾದ ಶಿಕ್ಷಕರ ಮಾತು ಕೇಳಿದ ಮೇಲೆ ನಮಗೆ ನೆನಪಾದವರು ವಿಜಯಪುರದವರೇ ಆದ ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕವಾಡ್. ಅವರ ತಂದೆ ಶಾಲಾ ಶಿಕ್ಷಕರಾಗಿದ್ದರು. ಮಗಳು 2014ರಲ್ಲಿ ಭಾರತ ತಂಡಕ್ಕೆ ಆಡತೊಡಗಿದರು. ಅದೇ ವರ್ಷ ತಂದೆ ತೀರಿಕೊಂಡರು, ಮನೆಯ ಹೊಣೆ ಮಗಳ ಹೆಗಲಿಗೆ ಬಂತು. 2017ರ ಮಹಿಳಾ ವಿಶ್ವಕಪ್ಪಿನಲ್ಲಿ, ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು ತಮ್ಮ ಎಡಗೈ ಸ್ಪಿನ್ ಬೌಲಿಂಗಿನಲ್ಲಿ 15 ರನ್ನಿಗೆ 5 ವಿಕೆಟ್ ಪಡೆದರು. ಭಾರತ 186 ರನ್ನುಗಳಿಂದ ಗೆದ್ದು ಸೆಮಿಫೈನಲಿಗೆ ಹೋಯಿತು.

ಊರಿಗೆ ಬಂದಾಗ ಸಚಿವರೊಬ್ಬರು ಅವರಿಗೆ ಕಾರು ಕೊಡಲು ಮುಂದಾದರು. ಕೊಡುವವರ ಮನಸ್ಸು ಒಳ್ಳೆಯದೇ ಇತ್ತು. ರಾಜೇಶ್ವರಿ ಕಾರು ಬೇಡ ಎಂದರು. ತಮ್ಮ ಕುಟುಂಬಕ್ಕೆ ಈಗ ಅಗತ್ಯವಿರುವುದು ಒಂದು ಮನೆ ಎಂದು ತಿಳಿಸಿದರು. ಈ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕೆಲವರು ಇದನ್ನು ದಾಷ್ಟೀಕ ಎಂದೂ ಭಾವಿಸಿರಬಹುದು. ನಮಗೆ ಹಾಗನಿಸುವುದಿಲ್ಲ. ತನಗೆ ಏನು ಬೇಕು ಎಂದು ಕ್ರೀಡಾಳುವಿಗೇ ಚೆನ್ನಾಗಿ ಗೊತ್ತು, ಕೊಡುವವರು ಮೊದಲು ಕೇಳಬೇಕು. ಕಾರನ್ನು ನಿಲ್ಲಿಸಿ ಫೋಟೋ ತೆಗೆಯಬಹುದು. ತಾಯಿಯ ಕೂಲಿಯನ್ನು, ಬಸ್ಸಿನ ಟಿಕೆಟನ್ನು, ಮೊಟ್ಟೆಯನ್ನು ನಿಲ್ಲಿಸಿ ಫೋಟೋ ತೆಗೆಯಲು ಬರುವುದಿಲ್ಲ. ಅದಕ್ಕೇ ಅವಕ್ಕೆ ದಾನಿಗಳು ಸಿಗುವುದು ಕಷ್ಟ.

ಪರವೂರಿನಲ್ಲಿದ್ದ ನಾವೂ ಊರಿನ ಕ್ರೀಡಾಕೂಟಗಳಿಗೆ ದೇಣಿಗೆ ಕಳುಹಿಸಿದವರೇ. ದೊಡ್ಡ ಟ್ರೋಫಿ, ಶಾಮಿಯಾನ, ಅತಿಥಿಗಳ ಶಾಲು, ಬ್ಯಾನರಿನಲ್ಲಿ ನಮ್ಮ ಹೆಸರು. ಗೆದ್ದ ಮಕ್ಕಳು ಆ ಟ್ರೋಫಿ ಹಿಡಿದುಕೊಂಡು ಹಿಂದಿನ ಬಸ್ಸಿನಲ್ಲಿ ನಿಂತುಕೊಂಡು ಹೋದದ್ದನ್ನು ನಾವು ನೋಡಲಿಲ್ಲ, ಏಕೆಂದರೆ ನಾವು ಅಲ್ಲಿರಲಿಲ್ಲ.

"ಬಿಜಾಪುರದವರು" ನಮ್ಮ ಅಂಗಳದಲ್ಲೇ ಇದ್ದಾರೆ

ಇಂಡಿ, ಸಿಂದಗಿ ಎಂದರೆ ಕರಾವಳಿಯವರಿಗೆ ದೂರದ ಸೀಮೆ. ಇದರಿಂದ ನಮ್ಮ ಚರ್ಚುಗಳಿಗೆ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ನಾವು ಎಣಿಸಿದ್ದಕ್ಕಿಂತ ಹತ್ತಿರದ್ದು. ಮಳೆ ಕೈಕೊಟ್ಟ ವರ್ಷ ಆ ಸೀಮೆಯ ಕುಟುಂಬಗಳು ಕೆಲಸ ಹುಡುಕಿಕೊಂಡು ಊರು ಬಿಡುತ್ತವೆ. ಅಲ್ಲಿ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಕೆಲವರು ಗೋವಾ, ಪುಣೆ, ಮುಂಬೈಗೆ, ಇನ್ನು ಕೆಲವರು ನಮ್ಮ ಮಂಗಳೂರು, ಉಡುಪಿಗೆ. ನಮ್ಮ ರಸ್ತೆ ಅಗೆಯುವವರು, ಕಟ್ಟಡದ ಕಲ್ಲು ಹೊರುವವರು ಬಹುಪಾಲು ಅವರೇ. ಊರು ಬಾಗಲಕೋಟೆ ಇರಲಿ, ಗದಗ ಇರಲಿ, ನಾವು ಎಲ್ಲರನ್ನೂ "ಬಿಜಾಪುರದವರು" ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಕೊಲ್ಲಿಯಲ್ಲಿ ನಮ್ಮನ್ನೂ ಮಂಗಳೂರು, ಕೊಚ್ಚಿ ಎಂಬ ಭೇದವಿಲ್ಲದೆ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಹಾಗೆ ಕರೆಸಿಕೊಂಡಾಗ ಆಗುವ ಬೇಸರ ನಮಗೆ ಚೆನ್ನಾಗಿ ಗೊತ್ತು.

ಗುಳೆ ಬಂದವರ ಮಕ್ಕಳಲ್ಲಿ ಓಡುವವರು ಇದ್ದಾರೆ. ಶಾಲಾ ಕ್ರೀಡಾಕೂಟಗಳು ಮಳೆಗಾಲದ ತಿಂಗಳುಗಳಲ್ಲಿ ಶುರುವಾಗುತ್ತವೆ. ಭಾಗವಹಿಸಬೇಕಾದರೆ ಹೆಸರು ಶಾಲೆಯ ದಾಖಲೆಯಲ್ಲಿರಬೇಕು, ವಯಸ್ಸಿನ ಪುರಾವೆ ಬೇಕು, ಏಕೆಂದರೆ ಸ್ಪರ್ಧೆ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ವಿಭಾಗವಾಗಿರುತ್ತದೆ. ವರ್ಷದ ನಡುವೆ ಊರು ಬಿಟ್ಟ ಮಗುವಿನ ಹೆಸರು ಅಲ್ಲಿ, ಮಗು ಇಲ್ಲಿ. ಅಲ್ಲಿಯ ಕೂಟಕ್ಕೂ ಇಲ್ಲ, ಇಲ್ಲಿಯ ಕೂಟಕ್ಕೂ ಇಲ್ಲ. ಹೀಗೆ ಒಂದು ವರ್ಷ ಹೋದರೆ ಆ ವಯೋಮಿತಿಯ ಅವಕಾಶ ಮತ್ತೆ ಬರುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಸೆಕ್ಷನ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಂಟನೆಯ ತರಗತಿವರೆಗಿನ ಮಗು ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಿದರೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ಪುರಾವೆ ಇಲ್ಲವೆಂದೂ ಪ್ರವೇಶ ನಿರಾಕರಿಸಬಾರದು ಎಂದು 14ನೆಯ ಸೆಕ್ಷನ್ ಹೇಳುತ್ತದೆ. ಕರಾವಳಿಯಲ್ಲಿ ಅನುದಾನಿತ ಶಾಲೆಗಳನ್ನು ನಡೆಸುವ ನಮ್ಮವರು ಈ ಎರಡು ಸೆಕ್ಷನ್‌ಗಳನ್ನು ತಿಳಿದಿದ್ದರೆ ಜುಲೈಯಲ್ಲಿ ಬಂದ ಮಗುವೂ ಆಗಸ್ಟಿನಲ್ಲಿ ಓಡಬಹುದು.

ಕರಾವಳಿಗೆ ಈ ದಾರಿ ಹೊಸದೇನಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕ್ರೀಡಾ ದತ್ತು ಯೋಜನೆಯಡಿ ಉತ್ತರ ಕರ್ನಾಟಕದವರೂ ಸೇರಿ ಅನೇಕ ಮಕ್ಕಳಿಗೆ ಉಚಿತ ಶಿಕ್ಷಣ, ಊಟ, ವಸತಿ, ತರಬೇತಿ ನೀಡುತ್ತಾ ಬಂದಿದೆ. ಅಖಿಲ ಭಾರತ ಅಂತರ್ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಮತ್ತೆ ಮತ್ತೆ ಪ್ರಶಸ್ತಿ ಗೆಲ್ಲುವುದರಲ್ಲಿ ಆ ಮಕ್ಕಳ ಪಾಲು ದೊಡ್ಡದು.

ನಾವು ಮಾಡಬಹುದಾದದ್ದು

ದೊಡ್ಡ ಯೋಜನೆ ಬೇಕಿಲ್ಲ. ತಾಂಬಾದಿಂದ ಮರಳುವಾಗ ದಾರಿಯಲ್ಲಿ ನಾವು ಮಾತಾಡಿಕೊಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುತ್ತೇವೆ.

ಮೊದಲನೆಯದು, ಕೊಡುವ ಮೊದಲು ಕೇಳೋಣ. ಮಗುವನ್ನು, ತಾಯಿತಂದೆಯನ್ನು, ದೈಹಿಕ ಶಿಕ್ಷಣ ಶಿಕ್ಷಕರನ್ನು. ಉತ್ತರ ನಾವು ಎಣಿಸಿದ್ದಾಗಿರುವುದಿಲ್ಲ.

ಎರಡನೆಯದು, ಒಂದು ಸಲದ ದೊಡ್ಡ ಮೊತ್ತಕ್ಕಿಂತ ಮೂರು ನಾಲ್ಕು ವರ್ಷದ ಸಣ್ಣ ಮೊತ್ತ ಹೆಚ್ಚು ಕೆಲಸಕ್ಕೆ ಬರುತ್ತದೆ. ಪರವೂರಿನ ಐದಾರು ಮಂದಿ ಸೇರಿ ಒಂದು ಶಾಲೆಯ ಇಬ್ಬರು ಮಕ್ಕಳ ಪ್ರಯಾಣ, ಹೆಚ್ಚಿನ ಹಾಲು ಮೊಟ್ಟೆ, ಬೆಳೆಯುವ ಕಾಲಿಗೆ ತಕ್ಕ ಬೂಟು ಇಷ್ಟನ್ನು ವಹಿಸಿಕೊಂಡರೂ ಸಾಕು. ಹಣ ಶಾಲೆಯ ಮೂಲಕ, ರಶೀದಿಯೊಂದಿಗೆ ಹೋಗಲಿ.

ಮೂರನೆಯದು, ಹೆಣ್ಣುಮಕ್ಕಳ ಜೊತೆ ಹೋಗಿಬರುವವರ ವ್ಯವಸ್ಥೆ. ಕೆಲಸದಿಂದ ನಿವೃತ್ತರಾದ ನಮ್ಮ ಅಕ್ಕಂದಿರು, ಸ್ತ್ರೀ ಸಂಘಟನೆಯವರು, ಧರ್ಮಭಗಿನಿಯರು ಇದನ್ನು ಸುಲಭವಾಗಿ ಮಾಡಬಲ್ಲರು. ಜೊತೆಗೆ ಒಬ್ಬರು ಬರುತ್ತಾರೆ ಎಂಬ ಭರವಸೆ ಸಿಕ್ಕಿದರೆ ಎಷ್ಟೋ ಮನೆಗಳಲ್ಲಿ "ಬೇಡ" ಎಂಬ ಮಾತು "ಆಗಲಿ" ಎಂದಾಗುತ್ತದೆ.

ನಾಲ್ಕನೆಯದು, ನಮ್ಮ ಚರ್ಚಿನ ವಾರ್ಷಿಕ ಆಟೋಟಗಳಲ್ಲಿ ಊರಿನ ಎಲ್ಲ ಮಕ್ಕಳಿಗೂ ಒಂದೆರಡು ಓಟಗಳನ್ನು ತೆರೆದಿಡೋಣ. ಹತ್ತಿರದ ಶೆಡ್ಡುಗಳಲ್ಲಿರುವ ಕೆಲಸಗಾರರ ಮಕ್ಕಳಿಗೆ ಹೋಗಿ ಹೇಳೋಣ. ಗೆದ್ದರೆ ಹೆಸರು ಕೇಳಿ, ಆ ಹೆಸರಿನಿಂದಲೇ ಮೈಕಿನಲ್ಲಿ ಕರೆಯೋಣ. ಬಿಜಾಪುರದ ಹುಡುಗ ಎಂದಲ್ಲ.

ಆ ದಿನ ಸಂಜೆ ನಮ್ಮ ಗೆಳೆಯರು ಬೂಟಿಗೆಂದು ತೆಗೆದ ಹಣವನ್ನು ಪರ್ಸಿಗೆ ಹಿಂದಿರುಗಿಸಲಿಲ್ಲ. ಅದನ್ನು ಶಾಲೆಯ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು, ತಾಲೂಕು ಕೂಟದ ದಿನ ಆ ತಾಯಿಯ ಕೂಲಿಗೆ ಎಂದು ಬರೆಸಿದರು. ಓಡಿದ ಹುಡುಗಿಯನ್ನು ಮಾತಾಡಿಸಲು ಹೋದಾಗ ಅವಳು ನಾಚಿ ಗೆಳತಿಯರ ಹಿಂದೆ ಸರಿದಳು. "ನಿನಗೆ ಏನು ಬೇಕವ್ವ?" ಎಂದು ಅವಳ ಶಿಕ್ಷಕರೇ ನಮ್ಮ ಪರವಾಗಿ ಕೇಳಿದರು. ಅವಳು ಹೇಳಿದ್ದು ಇಷ್ಟು: "ಅವ್ವ ನೋಡಾಕ ಬರಲಿ."

ಇಂಥ ಮಕ್ಕಳ ಓಟವನ್ನು ನೋಡಲು ಅವರವರ ತಾಯಂದಿರು ಬರುವಂತಾಗಲಿ, ನಮ್ಮಿಂದ ಆಗುವಷ್ಟನ್ನು ನಾವು ಮಾಡುವಂತಾಗಲಿ ಎಂಬುದೇ ನಮ್ಮ ಹಾರೈಕೆ.